ಮಲ್ಟಿಪಲ್ ಸ್ಕ್ಲೆರೋಸಿಸ್: ನೋಡಿಕೊಳ್ಳುವ ಗಂಡ, ನೋಡಿಕೊಳ್ಳುವ ಹೆಂಡತಿ

ದಾವಣಗೆರೆಯಲ್ಲಿ ನನ್ನ ಪರಿಚಯದ ಮನೆಯೊಂದರ ಬಚ್ಚಲ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿಲ್ಲ. ನಾಲ್ಕು ವರ್ಷಗಳ ಹಿಂದೆ ಮನೆಯಾಕೆ ಸ್ನಾನಕ್ಕೆ ಹೋದವರು ಕಾಲು ಸೋತು ಒಳಗೇ ಬಿದ್ದರು; ಗಂಡ ಪಕ್ಕದ ಬೀದಿಯ ಬಡಗಿಯನ್ನು ಕರೆತಂದು ಬಾಗಿಲು ಒಡೆಸಬೇಕಾಯಿತು. ಹೊಸ ಬಾಗಿಲು ಬಂತು, ಚಿಲಕ ಬರಲಿಲ್ಲ. ಒಳಗೆ ಯಾರಾದರೂ ಇದ್ದರೆ ಬಾಗಿಲ ಮೇಲೆ ಟವೆಲ್ ನೇತುಹಾಕುವುದು ಈಗ ಆ ಮನೆಯ ಪದ್ಧತಿ. ಆಕೆಗಿರುವ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್. ಆಸ್ಪತ್ರೆಯಲ್ಲೂ ಮನೆಯಲ್ಲೂ ಎಲ್ಲರ ಬಾಯಲ್ಲಿ ಅದು ಎಂಎಸ್. ಬಂದ ನೆಂಟರೆಲ್ಲ ಆಕೆಯ ಆರೋಗ್ಯ ವಿಚಾರಿಸುತ್ತಾರೆ. ಆಕೆ ಸ್ನಾನ ಮುಗಿಸಿ ಬರುವವರೆಗೆ ದಿನವೂ ಬಚ್ಚಲ ಹೊರಗೆ ಪೇಪರ್ ಹಿಡಿದು, ಒಂದು ಸಾಲೂ ಓದದೆ, ಒಳಗಿನ ನೀರಿನ ಸದ್ದಿಗೆ ಕಿವಿಗೊಟ್ಟು ಕುಳಿತಿರುವ ಗಂಡನನ್ನು ಯಾರೂ ವಿಚಾರಿಸುವುದಿಲ್ಲ.

ಎಂಆರ್‌ಐ ಯಂತ್ರಗಳು ಜಿಲ್ಲಾ ಕೇಂದ್ರಗಳಿಗೂ ಬಂದ ಮೇಲೆ ಈ ಕಾಯಿಲೆಯ ಹೆಸರು ನಮ್ಮ ಊರುಗಳಲ್ಲಿ ಕೇಳತೊಡಗಿದೆ. ಹಿಂದೆ ‘ನರದ ನಿಶ್ಶಕ್ತಿ’ ಎಂದೋ ‘ವಾತ’ ಎಂದೋ ‘ಗಾಳಿ ಸೋಕಿದೆ’ ಎಂದೋ ಹೇಳಿಸಿಕೊಂಡು ವರ್ಷಗಟ್ಟಲೆ ಅಲೆಯುತ್ತಿದ್ದವರಿಗೆ ಈಗ ಇಂಥದೇ ಕಾಯಿಲೆ ಎಂಬ ಉತ್ತರ ಬೇಗ ಸಿಗುತ್ತಿದೆ. ಭಾರತದಲ್ಲಿ ಇದು ತೀರ ವಿರಳ ಎಂಬ ನಂಬಿಕೆ ಬಹುಕಾಲ ಇತ್ತು. ಮಂಗಳೂರು ನಗರದಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಹೋದ್ಯೋಗಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಎಂಎಸ್ ಇರುವುದು ಕಂಡುಬಂತು. ಉತ್ತರ ಯುರೋಪಿನ ಹಲವು ದೇಶಗಳಲ್ಲಿ ಈ ಸಂಖ್ಯೆ 100ನ್ನು ಮೀರುತ್ತದೆಯಾದ್ದರಿಂದ ನಮ್ಮದು ಚಿಕ್ಕ ಸಂಖ್ಯೆಯೇ. ಆದರೆ ಚಿಕ್ಕ ಸಂಖ್ಯೆಗೂ ಒಂದು ತೊಡಕಿದೆ: ಅಕ್ಕಪಕ್ಕದಲ್ಲಿ ಇದೇ ಕಾಯಿಲೆಯ ಮತ್ತೊಂದು ಮನೆ ಇರುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಬೀದಿಗೆ ಹತ್ತು ಜನ ಸಲಹೆಗಾರರು ಸಿಗುತ್ತಾರೆ. ಎಂಎಸ್ ಇರುವವರ ಸಂಗಾತಿ ಎಲ್ಲವನ್ನೂ ತಾನೇ ಮೊದಲಿನಿಂದ ಕಲಿಯಬೇಕು.

ಆ ಸಂಗಾತಿಯ ಮೇಲೆ ಬೀಳುವ ಭಾರ ಎಂಥದು, ಅದು ಏಕೆ ಬೀಳುತ್ತದೆ, ಹೇಗೆ ಇಳಿಸಬಹುದು ಎಂಬುದೇ ಈ ಲೇಖನದ ವಿಷಯ.

ಮೊದಲು ಕಾಯಿಲೆಯ ಬಗ್ಗೆ

ಮಿದುಳಿನಿಂದ ಕೈಕಾಲು, ಕಣ್ಣು, ಮೂತ್ರಕೋಶಗಳಿಗೆ ಆಜ್ಞೆಗಳು ಹೋಗುವುದು ನರತಂತುಗಳ ಮೂಲಕ. ಕರೆಂಟಿನ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ಈ ತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ, ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದಂತೆ, ಈ ಹೊದಿಕೆಯ ಮೇಲೆಯೇ ದಾಳಿ ಮಾಡುತ್ತದೆ. ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಲ್ಲಿ ಅಲ್ಲಲ್ಲಿ ಹೊದಿಕೆ ಹರಿದು ಗಟ್ಟಿಯಾದ ಕಲೆಗಳು ಉಳಿಯುತ್ತವೆ. ಸ್ಕ್ಲೆರೋಸಿಸ್ ಎಂದರೆ ಗಟ್ಟಿಯಾಗುವುದು. ಅಂಥ ಕಲೆಗಳು ಹಲವು ಇರುವುದರಿಂದ ಮಲ್ಟಿಪಲ್. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯ ಜ್ಯಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಸ್ಪಷ್ಟವಾಗಿ ವಿವರಿಸಿದರು.

ಇಲಿ ಕಡಿದ ವೈರಿನಲ್ಲಿ ದೀಪ ಒಮ್ಮೆ ಉರಿಯುತ್ತದೆ, ಒಮ್ಮೆ ಮಿಣುಕುತ್ತದೆ, ಒಮ್ಮೆ ಆರುತ್ತದೆ. ಎಂಎಸ್ ಲಕ್ಷಣಗಳೂ ಹಾಗೆಯೇ. ಯಾವ ವೈರಿಗೆ ಪೆಟ್ಟಾಗಿದೆ ಎಂಬುದರ ಮೇಲೆ ಒಬ್ಬರಿಗೆ ಕಣ್ಣು ಮಂಜಾಗುತ್ತದೆ, ಮತ್ತೊಬ್ಬರಿಗೆ ಕಾಲು ಎಳೆಯುತ್ತದೆ, ಇನ್ನೊಬ್ಬರಿಗೆ ಮೂತ್ರ ತಡೆಯಲಾಗುವುದಿಲ್ಲ. ಶೇಕಡ 85ರಷ್ಟು ಮಂದಿಗೆ ಕಾಯಿಲೆ ಮೊದಲು ಬರುವುದು ಬಿಟ್ಟು ಬಿಟ್ಟು: ಒಂದು ‘ಅಟ್ಯಾಕ್’, ಕೆಲವು ದಿನ ಅಥವಾ ವಾರಗಳ ತೊಂದರೆ, ನಂತರ ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ ಚೇತರಿಕೆ. ಉಳಿದವರಲ್ಲಿ ಮೊದಲಿನಿಂದಲೇ ನಿಧಾನವಾಗಿ ಏರುತ್ತಾ ಹೋಗುತ್ತದೆ. ಅಟ್ಯಾಕ್ ಬಂದಾಗ 3ರಿಂದ 5 ದಿನ ಸ್ಟೆರಾಯ್ಡ್ ಡ್ರಿಪ್ ಕೊಡುತ್ತಾರೆ. ಮುಂದಿನ ಅಟ್ಯಾಕ್‌ಗಳನ್ನು ಕಡಿಮೆ ಮಾಡುವ ಔಷಧಗಳು 1993ರಿಂದೀಚೆಗೆ ಒಂದೊಂದಾಗಿ ಬಂದಿವೆ, ಅವು ನಿಜಕ್ಕೂ ಕೆಲಸ ಮಾಡುತ್ತವೆ. ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುವ ಔಷಧ ಮಾತ್ರ ಇನ್ನೂ ಬಂದಿಲ್ಲ.

ಇದು ಅಂಟುರೋಗವಲ್ಲ. ತಂದೆತಾಯಿಯಿಂದ ಮಕ್ಕಳಿಗೆ ನೇರವಾಗಿ ಇಳಿಯುವ ಕಾಯಿಲೆಯೂ ಅಲ್ಲ. ಮಕ್ಕಳಿಗೆ ಬರುವ ಸಾಧ್ಯತೆ ಇತರರಿಗಿಂತ ತುಸು ಹೆಚ್ಚು, ಅಷ್ಟೆ. ಈ ಎರಡು ವಾಕ್ಯಗಳನ್ನು ಸಂಗಾತಿಗಳು ನೆಂಟರ ಮುಂದೆ ಎಷ್ಟು ಸಲ ಹೇಳಬೇಕಾಗುತ್ತದೆ ಎಂಬುದು ಹೇಳಿದವರಿಗೇ ಗೊತ್ತು.

ಈ ಆರೈಕೆ ಉಳಿದ ಆರೈಕೆಗಳಂತಲ್ಲ, ಏಕೆ?

ಮೊದಲ ಕಾರಣ ವಯಸ್ಸು. ವಯಸ್ಸಾದ ತಂದೆಯನ್ನೋ ಅತ್ತೆಯನ್ನೋ ನೋಡಿಕೊಳ್ಳುವುದಕ್ಕೆ ನಮ್ಮ ಮನೆಗಳಲ್ಲಿ ಒಂದು ಸಿದ್ಧತೆ ಇದೆ. ಅದು ಬರುತ್ತದೆಂದು ಎಲ್ಲರಿಗೂ ಗೊತ್ತಿರುತ್ತದೆ. ಎಂಎಸ್ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನೊಳಗೆ. ಅಂತರರಾಷ್ಟ್ರೀಯ ಎಂಎಸ್ ಒಕ್ಕೂಟ 2020ರಲ್ಲಿ ಲೆಕ್ಕ ಹಾಕಿದಂತೆ ಜಗತ್ತಿನಲ್ಲಿ ಸುಮಾರು 28 ಲಕ್ಷ ಮಂದಿಗೆ ಈ ಕಾಯಿಲೆ ಇತ್ತು, ರೋಗ ಪತ್ತೆಯಾಗುವ ಸರಾಸರಿ ವಯಸ್ಸು 32. ಗಂಡಸರಿಗಿಂತ ಹೆಂಗಸರಲ್ಲಿ ಕನಿಷ್ಠ ಎರಡು ಪಟ್ಟು ಹೆಚ್ಚು. ಮೂವತ್ತೆರಡು ಎಂದರೆ ಮದುವೆಯಾಗಿ ಕೆಲವೇ ವರ್ಷ, ಮಗು ಎಲ್‌ಕೆಜಿಯಲ್ಲಿ, ಮನೆ ಸಾಲದ ಕಂತು ಶುರುವಾಗಿರುವ ಹೊತ್ತು. ಗಂಡಹೆಂಡಿರಲ್ಲಿ ಒಬ್ಬರು ಇನ್ನೊಬ್ಬರ ಆಸರೆಯಾಗುವುದು ಮುಪ್ಪಿನ ಮಾತು ಎಂದುಕೊಂಡವರ ಮುಂದೆ ಆ ಕೆಲಸ ಮೂವತ್ತು ವರ್ಷ ಮೊದಲೇ ಬಂದು ನಿಲ್ಲುತ್ತದೆ. ಹೀಗೆ ಬಂದದ್ದು ಬೇಗ ಮುಗಿಯುವುದೂ ಇಲ್ಲ. ಎಂಎಸ್ ಇರುವ ಬಹುಪಾಲು ಜನ ಹತ್ತಾರು ವರ್ಷ ಬದುಕುತ್ತಾರೆ, ಮತ್ತು ಅದು ಸಂತೋಷದ ಸಂಗತಿಯೇ. ಆದರೆ ಅಷ್ಟೂ ವರ್ಷ ಆರೈಕೆಯೂ ನಡೆಯಬೇಕು.

ಎರಡನೆಯದು ಅನಿಶ್ಚಿತತೆ. ನನ್ನ ತಿಳಿವಳಿಕೆಯಲ್ಲಿ ಸಂಗಾತಿಯನ್ನು ಎಲ್ಲಕ್ಕಿಂತ ಹೆಚ್ಚು ಕೊರೆಯುವುದು ಇದೇ. ವೇಳಾಪಟ್ಟಿ ಹಾಕಿ ಕರೆಂಟ್ ತೆಗೆದರೆ ಹಿಟ್ಟಿನ ಗಿರಣಿಯವನು ಹೇಗೋ ದಂಧೆ ನಡೆಸುತ್ತಾನೆ: ಬೆಳಿಗ್ಗೆ ಎರಡು ಗಂಟೆ ಇಲ್ಲ, ಆಮೇಲೆ ಬೀಸಿಕೊಡುತ್ತೇನೆ ಎಂದು ಗಿರಾಕಿಗೆ ಹೇಳಬಲ್ಲ. ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ತಿಳಿಯದಿದ್ದರೆ ಅವನು ಯಾರಿಗೂ ಮಾತು ಕೊಡಲಾರ. ಎಂಎಸ್ ಇರುವ ಮನೆಯಲ್ಲಿ ತಂಗಿಯ ಮದುವೆಗೆ ರೈಲು ಟಿಕೆಟ್ ತೆಗೆಸುವುದು, ಬಡ್ತಿಗೆ ಒಪ್ಪಿ ಬೇರೆ ಊರಿಗೆ ಹೋಗುವುದು, ಎರಡನೆಯ ಮಗುವಿನ ಯೋಚನೆ ಮಾಡುವುದು, ಎಲ್ಲವೂ ಇದೇ ಸ್ಥಿತಿಯಲ್ಲಿರುತ್ತವೆ. ಮುಂದಿನ ಅಟ್ಯಾಕ್ ಮುಂದಿನ ವಾರ ಬರಬಹುದು, ಐದು ವರ್ಷ ಬರದೆಯೂ ಇರಬಹುದು; ಯಾವ ವೈದ್ಯರೂ ದಿನಾಂಕ ಹೇಳಲಾರರು. ಸ್ಥಿತಿ ಕೆಟ್ಟದ್ದಾದರೂ ಸ್ಥಿರವಾಗಿದ್ದರೆ ಮನುಷ್ಯ ಅದಕ್ಕೆ ಒಗ್ಗಿಕೊಳ್ಳುತ್ತಾನೆ. ಇಲ್ಲಿ ಒಗ್ಗಿಕೊಳ್ಳುವಷ್ಟರಲ್ಲಿ ಸ್ಥಿತಿಯೇ ಬದಲಾಗಿರುತ್ತದೆ.

ಮೂರನೆಯದು, ಕಣ್ಣಿಗೆ ಕಾಣದ ಲಕ್ಷಣಗಳು. ಎಂಎಸ್ ಇರುವವರಲ್ಲಿ ಬಹುತೇಕ ಎಲ್ಲರೂ ಹೇಳುವ ದೂರು ಆಯಾಸ. ದುಡಿದು ಬಂದ ಆಯಾಸದಂತೆ ಅದು ನಿದ್ದೆ ಮಾಡಿದರೆ ಹೋಗುವುದಿಲ್ಲ. ಹಳೆಯ ಮೊಬೈಲಿನ ಬ್ಯಾಟರಿ ಬೆಳಿಗ್ಗೆ ನೂರು ತೋರಿಸಿ, ಎರಡು ಫೋನ್ ಮಾತಾಡುವಷ್ಟರಲ್ಲಿ ಹತ್ತಕ್ಕೆ ಇಳಿಯುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹೊರಗಿನವರಿಗೆ ಕಾಣುವುದು ಫುಲ್ ಚಾರ್ಜ್ ತೋರಿಸುವ ಮುಖ ಮಾತ್ರ. ‘ನೋಡೋಕೆ ಚೆನ್ನಾಗೇ ಇದ್ದಾಳಲ್ಲ, ಅಡುಗೆ ಯಾಕೆ ನೀನು ಮಾಡ್ತೀಯ?’ ಎಂದು ಅತ್ತೆಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಗಂಡ. ಕಾಯಿಲೆ ಗಂಡನಿಗಿದ್ದರೆ, ತಟ್ಟಾಡುವ ನಡಿಗೆ ನೋಡಿ ಕುಡಿದಿದ್ದಾನೆ ಎಂದುಕೊಳ್ಳುವ ಬೀದಿಗೆ ಉತ್ತರ ಕೊಡಬೇಕಾದವಳು ಹೆಂಡತಿ.

ಜೊತೆಗೆ ಸೆಖೆ. ದೇಹದ ಉಷ್ಣತೆ ಏರಿದಾಗ ಹೊದಿಕೆ ಹರಿದ ನರಗಳಲ್ಲಿ ಸಂದೇಶಗಳು ಇನ್ನಷ್ಟು ತೊದಲುತ್ತವೆ. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ ಇದನ್ನು 1890ರಲ್ಲಿಯೇ ಗುರುತಿಸಿದ್ದರು. ಇದು ಹೊಸ ಅಟ್ಯಾಕ್ ಅಲ್ಲ, ಮೈ ತಣ್ಣಗಾದರೆ ಇಳಿಯುತ್ತದೆ. ಆದರೆ ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ, ಕಲಬುರಗಿಯಲ್ಲಿ, ರಾಯಚೂರಿನಲ್ಲಿ ಮೈ ತಣ್ಣಗಿಡುವುದೇ ಒಂದು ಉದ್ಯೋಗ. ನಾನು ಹೇಳಿದ ಮನೆಯಲ್ಲಿ ಬೇಸಿಗೆಯುದ್ದಕ್ಕೂ ಎರಡು ಟವೆಲ್‌ಗಳು ಫ್ರಿಜ್ಜಿನಲ್ಲಿರುತ್ತವೆ. ಒಂದು ಹೆಗಲ ಮೇಲೆ ಬಂದರೆ ಇನ್ನೊಂದು ಒಳಗೆ ಹೋಗುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಮಧ್ಯಾಹ್ನ ಕರೆಂಟ್ ಹೋದ ತಕ್ಷಣ ಮನೆಗೆ ಫೋನ್ ಮಾಡುತ್ತಾರೆ. ಶಾಖೆಯಲ್ಲಿ ಜನರೇಟರ್ ಇದೆ, ಫ್ಯಾನ್ ತಿರುಗುತ್ತಿರುತ್ತದೆ, ಅವರ ಮನಸ್ಸು ಮಾತ್ರ ಮನೆಯ ನಿಂತ ಫ್ಯಾನಿನ ಕೆಳಗಿರುತ್ತದೆ.

ಕೆಲಸ ಮತ್ತು ಕಾವಲು

ಕಾಯಿಲೆ ಮುಂದುವರಿದ ಮನೆಗಳಲ್ಲಿ ಕೆಲಸದ ಪಟ್ಟಿ ಉದ್ದವಾಗಿರುತ್ತದೆ. ಮಂಚದಿಂದ ಎಬ್ಬಿಸಿ ಕುರ್ಚಿಗೆ ಕೂರಿಸುವುದು, ಬಿಗಿದುಕೊಂಡ ಕಾಲುಗಳನ್ನು ನೀವಿ ಸಡಿಲಿಸುವುದು, ಬಟ್ಟೆ ಹಾಕುವುದು, ಆಸ್ಪತ್ರೆಯ ಫೈಲು, ವಿಮೆಯ ಅರ್ಜಿ. ಕೆಲವು ಇಂಜೆಕ್ಷನ್‌ಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ್ದರಿಂದ ಊರಿಗೆ ಹೋಗುವಾಗ ಐಸ್ ಡಬ್ಬಿ ಹೊತ್ತೇ ಬಸ್ ಹತ್ತಬೇಕು. ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ, ಸೊಂಟದಲ್ಲಿ ಹುಣ್ಣಾಗುತ್ತದೆ. ಎತ್ತುವ ವಿಧಾನ ಕಲಿಯದೆ ಎತ್ತಿದವರ ಸೊಂಟವೇ ಹಿಡಿದುಕೊಂಡು, ಮನೆಯಲ್ಲಿ ಇಬ್ಬರು ರೋಗಿಗಳಾದ ಉದಾಹರಣೆಗಳು ಕಡಿಮೆಯಿಲ್ಲ.

ಮೂತ್ರದ ತೊಂದರೆಯನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅದರ ಬಗ್ಗೆ ಯಾರೂ ಹೇಳುವುದಿಲ್ಲ. ಎಂಎಸ್ ಇರುವ ಬಹುಪಾಲು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಇದು ಬರುತ್ತದೆ: ಒಂದೋ ಅವಸರವಾಗಿ ಬಂದು ತಡೆಯಲಾಗುವುದಿಲ್ಲ, ಇಲ್ಲವೇ ಪೂರ್ತಿ ಖಾಲಿಯಾಗದೆ ಒಳಗೆ ಉಳಿದು ಸೋಂಕಾಗುತ್ತದೆ. ಪೂರ್ತಿ ಖಾಲಿಯಾಗದವರಿಗೆ ದಿನಕ್ಕೆ ಹಲವು ಸಲ ತೆಳುವಾದ ನಳಿಕೆ ಹಾಕಿ ಮೂತ್ರ ತೆಗೆಯುವ ವಿಧಾನವನ್ನು ಕಲಿಸುತ್ತಾರೆ. ಕೈಬೆರಳುಗಳಲ್ಲಿ ಹಿಡಿತವಿಲ್ಲದಿದ್ದರೆ ಆ ಕೆಲಸ ಸಂಗಾತಿಯದು. ರಾತ್ರಿ ಮೂರು ಸಲ ಏಳುವುದೆಂದರೆ ಇಬ್ಬರೂ ಏಳುವುದು. ಬೆಳಿಗ್ಗೆ ಒಂಬತ್ತೂವರೆಗೆ ಆಫೀಸಿನಲ್ಲಿ ಆಕಳಿಸುವ ಸಹೋದ್ಯೋಗಿಯ ಹಿಂದೆ ಇಂಥದೊಂದು ರಾತ್ರಿ ಇರಬಹುದು.

ಇಷ್ಟಾದರೂ, ಕಾಯಿಲೆಯ ಮೊದಲ ವರ್ಷಗಳಲ್ಲಿ, ರೋಗಿ ಓಡಾಡಿಕೊಂಡಿರುವಾಗಲೇ, ಸಂಗಾತಿ ದಣಿದುಹೋಗುವುದುಂಟು. ಕೈಗೆ ಕೆಲಸ ಇಲ್ಲದಿದ್ದರೂ ಮನಸ್ಸಿಗೆ ಕಾವಲು ಇರುತ್ತದೆ. ಬಚ್ಚಲ ಹೊರಗೆ ಪೇಪರ್ ಹಿಡಿದು ಕೂರುವುದು ಕೆಲಸವೇ? ಯಾವ ಪಟ್ಟಿಯಲ್ಲೂ ಅದು ಬರುವುದಿಲ್ಲ. ಆದರೆ ಆ ಇಪ್ಪತ್ತು ನಿಮಿಷ ಅವರು ಬೇರೇನೂ ಮಾಡಲಾರರು. ವೈದ್ಯರು ಕಾಯಿಲೆಯ ತೀವ್ರತೆ ಅಳೆಯಲು ಬಳಸುವ ಮಾಪಕವೂ ಇದನ್ನು ಹಿಡಿಯುವುದಿಲ್ಲ. ಅಮೆರಿಕದ ನರರೋಗ ತಜ್ಞ ಜಾನ್ ಕರ್ಟ್ಜ್ಕೆ 1983ರಲ್ಲಿ ಈಗಿನ ರೂಪಕ್ಕೆ ತಂದ ಸೊನ್ನೆಯಿಂದ ಹತ್ತರವರೆಗಿನ ಆ ಮಾಪಕ ಹೆಚ್ಚಾಗಿ ನಡಿಗೆಯನ್ನು ಅವಲಂಬಿಸಿದೆ: 6 ಎಂದರೆ 100 ಮೀಟರ್ ನಡೆಯಲು ಕೋಲು ಬೇಕು, 7 ಎಂದರೆ ಬಹುಮಟ್ಟಿಗೆ ಗಾಲಿಕುರ್ಚಿ. ಚೆನ್ನಾಗಿ ನಡೆಯುವ, ಆದರೆ ಗ್ಯಾಸ್ ಹಚ್ಚಿಟ್ಟು ಮರೆಯುವ ಹೆಂಡತಿಯ ಅಂಕ ಅದರಲ್ಲಿ ಕಡಿಮೆಯೇ ಇರುತ್ತದೆ. ಗಂಡನ ಕಾವಲು ಅದಕ್ಕೆ ತಕ್ಕಂತೆ ಕಡಿಮೆಯಾಗುವುದಿಲ್ಲ.

ಸಂಗಾತಿ ಎಲ್ಲಿ ಮುಗಿದು ನರ್ಸ್ ಎಲ್ಲಿ ಶುರುವಾಗುತ್ತಾರೆ

ಎಂಎಸ್ ಇರುವ ಸುಮಾರು ಅರ್ಧದಷ್ಟು ಮಂದಿಯಲ್ಲಿ ಯೋಚನೆಯ ವೇಗ, ನೆನಪು, ಏಕಾಗ್ರತೆಗಳು ಸ್ವಲ್ಪ ಮಟ್ಟಿಗಾದರೂ ಕುಗ್ಗುತ್ತವೆ. ಖಿನ್ನತೆ ಸಾಮಾನ್ಯ, ಕಾಯಿಲೆ ಬಂತೆಂಬ ದುಃಖದಿಂದ ಮಾತ್ರವಲ್ಲ, ಮಿದುಳಿನಲ್ಲೇ ಆದ ಗಾಯಗಳಿಂದಲೂ ಅದು ಬರಬಹುದು. ಕೆಲವರಿಗೆ ಕಾರಣವಿಲ್ಲದೆ ನಗುವೋ ಅಳುವೋ ಉಕ್ಕಿ ನಿಲ್ಲುವುದೇ ಇಲ್ಲ. ಸ್ಟೆರಾಯ್ಡ್ ಡ್ರಿಪ್ಪಿನ ದಿನಗಳಲ್ಲಿ ನಿದ್ದೆ ಹೋಗಿ ಸಿಡುಕು ಹೆಚ್ಚುತ್ತದೆ. ಸಿಡುಕಿನ ಮಾತು ಬೀಳುವುದು ಹತ್ತಿರವಿರುವವರ ಮೇಲೆ. ಇದು ಕಾಯಿಲೆಯ ಮಾತೋ ಮನುಷ್ಯನ ಮಾತೋ ಎಂದು ಕೇಳಿಸಿಕೊಂಡವರು ಪ್ರತಿ ಸಲವೂ ತೂಗಿ ನೋಡಬೇಕು, ಮತ್ತು ಪ್ರತಿ ಸಲವೂ ತೂಕ ಸರಿಯಾಗುವುದಿಲ್ಲ.

ಅಮೆರಿಕದ ಕುಟುಂಬ ತಜ್ಞೆ ಪಾಲೀನ್ ಬಾಸ್ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡುತ್ತಾ, ಒಂದು ವಿಚಿತ್ರ ದುಃಖಕ್ಕೆ ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ಮುಗಿಯದ ಅಗಲಿಕೆ ಎನ್ನಬಹುದು. ಸತ್ತರೋ ಬದುಕಿದ್ದಾರೋ ತಿಳಿಯದ ಮನುಷ್ಯನಿಗಾಗಿ ಅಳುವುದಕ್ಕೂ ಆಗದು, ಅಳದಿರುವುದಕ್ಕೂ ಆಗದು. ಇದರ ಮತ್ತೊಂದು ರೂಪದಲ್ಲಿ ಮನುಷ್ಯ ಎದುರಿಗೇ ಇರುತ್ತಾನೆ, ಆದರೆ ಮೊದಲಿನವನಾಗಿರುವುದಿಲ್ಲ. ಮದುವೆಯಾದ ಹೊಸತರಲ್ಲಿ ಬೈಕಿನ ಮೇಲೆ ಜೋಗಕ್ಕೆ ಕರೆದೊಯ್ದ ಗಂಡ ಈಗ ಪಕ್ಕದಲ್ಲೇ ಇದ್ದಾನೆ. ಆ ಗಂಡನಿಗಾಗಿ ಹಂಬಲಿಸಿದರೆ ಈ ಗಂಡನಿಗೆ ದ್ರೋಹ ಮಾಡಿದಂತೆ ಅನ್ನಿಸುತ್ತದೆ. ಸತ್ತವರಿಗೆ ಹನ್ನೊಂದನೆಯ ದಿನವಿದೆ, ವರ್ಷಾಂತಿಕವಿದೆ, ಬಂದು ಕೂರುವ ಜನರಿದ್ದಾರೆ. ಈ ದುಃಖಕ್ಕೆ ಯಾವ ಶಾಸ್ತ್ರವೂ ಇಲ್ಲ.

ದಾಂಪತ್ಯದ ಸುಖದ ವಿಷಯವೂ ಇಲ್ಲಿಯೇ ಬರುತ್ತದೆ. ಕಾಮಕ್ಕೆ ಸಂಬಂಧಿಸಿದ ನರಗಳಿಗೂ ಪೆಟ್ಟಾಗುವುದರಿಂದ ಸ್ಪರ್ಶದ ಅರಿವು, ಆಸೆ, ದೇಹದ ಪ್ರತಿಕ್ರಿಯೆ ಎಲ್ಲವೂ ಬದಲಾಗಬಹುದು; ಆಯಾಸ ಮತ್ತು ಮೂತ್ರದ ಭಯ ಅದಕ್ಕೆ ಸೇರಿಕೊಳ್ಳುತ್ತವೆ. ಬೆಳಿಗ್ಗೆ ನಳಿಕೆ ಹಾಕಿದ ಕೈ ರಾತ್ರಿ ಪ್ರೀತಿಯ ಕೈಯಾಗುವುದು ಸುಲಭವಲ್ಲ, ಇಬ್ಬರಿಗೂ. ಇದಕ್ಕೆ ಔಷಧವೂ ಸಲಹೆಯೂ ಇದೆ, ಆದರೆ ಹೊರರೋಗಿ ವಿಭಾಗದ ಐದು ನಿಮಿಷದಲ್ಲಿ, ಹಿಂದೆ ಮಾವ ನಿಂತಿರುವಾಗ, ಯಾರೂ ಇದನ್ನು ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಕಾಯಿಲೆಯವರ ಕಡೆಯಿಂದಲೂ ಒಂದು ಭಾರ ಬರುತ್ತದೆ. ತನ್ನಿಂದ ಇವರ ಬಾಳು ಹಾಳಾಯಿತು ಎಂಬ ಕೊರಗಿನಲ್ಲಿ ಅವರು ನೀರು ಬೇಕಾದರೂ ಕೇಳದೆ ಸುಮ್ಮನಿರುತ್ತಾರೆ. ಕೇಳದಿದ್ದನ್ನು ಊಹಿಸಿ ಕೊಡುವುದು ಸಂಗಾತಿಯ ಇನ್ನೊಂದು ಕೆಲಸವಾಗುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಮಾತು ಕಡಿಮೆ ಮಾಡುತ್ತಾರೆ. ಮನೆ ಶಾಂತವಾಗಿದೆ ಎಂದು ಹೊರಗಿನವರಿಗೆ ಅನ್ನಿಸುವುದು ಈ ಹಂತದಲ್ಲಿ.

ಹೆಂಡತಿ ನೋಡಿಕೊಂಡರೆ ಒಂದು, ಗಂಡ ನೋಡಿಕೊಂಡರೆ ಇನ್ನೊಂದು

2009ರಲ್ಲಿ ‘ಕ್ಯಾನ್ಸರ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಮಿದುಳಿನ ಗಡ್ಡೆ, ಇತರ ಕ್ಯಾನ್ಸರ್ ಮತ್ತು ಎಂಎಸ್ ಇದ್ದ 515 ವಿವಾಹಿತ ರೋಗಿಗಳ ಬದುಕನ್ನು ಸಂಶೋಧಕರು ಹಿಂಬಾಲಿಸಿದ್ದರು. ಒಟ್ಟಾರೆ ಶೇಕಡ 11.6ರಷ್ಟು ಮಂದಿ ಸಂಗಾತಿಯಿಂದ ಬೇರೆಯಾದರು. ರೋಗಿ ಹೆಂಗಸಾಗಿದ್ದರೆ ಶೇಕಡ 20.8, ಗಂಡಸಾಗಿದ್ದರೆ 2.9. ಇದು ಅಲ್ಲಿನ ಲೆಕ್ಕ, ಅದರಲ್ಲಿ ಎಂಎಸ್ ಇದ್ದವರು ಒಂದು ಭಾಗ ಮಾತ್ರ, ಹಾಗಾಗಿ ಇದನ್ನು ಹಾಗೆಯೇ ತಂದು ನಮ್ಮ ಮನೆಗಳ ಮೇಲೆ ಹೊರಿಸಲಾಗದು. ಆದರೆ ಅಂಕಿಗಳ ನಡುವಿನ ಅಂತರ ಕೇಳುವ ಪ್ರಶ್ನೆ ನಮಗೂ ಅಪರಿಚಿತವಲ್ಲ.

ನಮ್ಮಲ್ಲಿ ವಿಚ್ಛೇದನದ ಅರ್ಜಿ ಬೀಳುವುದಕ್ಕಿಂತ ಹೆಚ್ಚಾಗಿ ತವರುಮನೆಗೆ ಕಳಿಸುವುದು ನಡೆಯುತ್ತದೆ. ‘ಸ್ವಲ್ಪ ಸುಧಾರಿಸಿಕೊಂಡು ಬರಲಿ’ ಎಂದು ಕಳಿಸಿದ್ದು ವರ್ಷಗಳಾಗುತ್ತದೆ. ‘ಮೊದಲೇ ಇತ್ತು, ಮುಚ್ಚಿಟ್ಟು ಮದುವೆ ಮಾಡಿದರು’ ಎಂಬ ಮಾತು ಬರುತ್ತದೆ, ಮದುವೆಯ ಹೊತ್ತಿಗೆ ಆಕೆಗೇ ಗೊತ್ತಿರಲು ಸಾಧ್ಯವಿರಲಿಲ್ಲ ಎಂಬುದನ್ನು ಯಾರೂ ಲೆಕ್ಕಿಸುವುದಿಲ್ಲ. ಜೊತೆಗೆ ನಿಂತ ಗಂಡನಿಗೆ ಹೊಗಳಿಕೆ ಧಾರಾಳ, ನೆರವು ವಿರಳ. ಇನ್ನೊಂದು ಮದುವೆಯ ಸಲಹೆ ಕೊಡುವ ಹಿರಿಯರು ಮಾತ್ರ ತಪ್ಪದೆ ಬರುತ್ತಾರೆ. ನೋಡಿಕೊಳ್ಳುವವಳು ಹೆಂಡತಿಯಾದರೆ ಹೊಗಳಿಕೆಯೂ ಇಲ್ಲ, ಏಕೆಂದರೆ ಅದು ಅವಳ ಕರ್ತವ್ಯ ಎಂದು ಎಲ್ಲರೂ ಮೊದಲೇ ತೀರ್ಮಾನಿಸಿರುತ್ತಾರೆ. ಅವಳು ಕೆಲಸ ಬಿಡಬೇಕೇ ಎಂಬುದು ಚರ್ಚೆಗೇ ಬರುವುದಿಲ್ಲ. ಎಂದಿನಿಂದ ಬಿಡುತ್ತೀ ಎಂದಷ್ಟೇ ಕೇಳುತ್ತಾರೆ.

ಒತ್ತಡ ಮೈಯಲ್ಲಿ ಹೇಗೆ ಕಾಣುತ್ತದೆ

ನೋಡಿಕೊಳ್ಳುವವರ ದಣಿವು ಮನಸ್ಸಿನ ಮಾತಷ್ಟೇ ಅಲ್ಲ. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ಪ್ರಕಟಿಸಿದ ಅಧ್ಯಯನ ಬಹಳ ಚರ್ಚೆಗೊಳಗಾಯಿತು. 66 ದಾಟಿದ ದಂಪತಿಗಳನ್ನು ಸುಮಾರು 4 ವರ್ಷ ಗಮನಿಸಿದಾಗ, ಸಂಗಾತಿಯ ಆರೈಕೆಯಿಂದ ಒತ್ತಡಕ್ಕೊಳಗಾಗಿದ್ದವರು ಸಾಯುವ ಸಾಧ್ಯತೆ ಆರೈಕೆಯ ಹೊಣೆ ಇಲ್ಲದವರಿಗಿಂತ ಶೇಕಡ 63 ಹೆಚ್ಚಿತ್ತು. ಆರೈಕೆ ಮಾಡಿಯೂ ಒತ್ತಡವಿಲ್ಲ ಎಂದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ ಎಂಬುದು ಅಷ್ಟೇ ಮುಖ್ಯ. ಅವರು ವಯಸ್ಸಾದವರು, ಎಂಎಸ್ ರೋಗಿಗಳ ಸಂಗಾತಿಗಳಲ್ಲ. ಆದರೂ ಅದರಿಂದ ಒಂದು ವಿಷಯ ತಿಳಿಯುತ್ತದೆ: ಅಪಾಯ ಇರುವುದು ಆರೈಕೆಯಲ್ಲಿ ಅಲ್ಲ, ಇಳಿಸಿಕೊಳ್ಳಲು ಜಾಗವೇ ಸಿಗದ ಆರೈಕೆಯಲ್ಲಿ.

ಈ ಭಾರವನ್ನು ಅಳೆಯಲು ಪ್ರಶ್ನಾವಳಿಗಳಿವೆ. ಸ್ಟೀವನ್ ಜಾರಿಟ್ ಮತ್ತು ಸಂಗಡಿಗರು 1980ರಲ್ಲಿ ಆರಂಭಿಸಿದ, ಈಗ 22 ಪ್ರಶ್ನೆಗಳಿರುವ ಒಂದು ಪಟ್ಟಿಯನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ನಿಮಗೆಂದು ಸಮಯ ಸಿಗುತ್ತಿದೆಯೇ, ಅವರ ಹತ್ತಿರ ಇರುವಾಗ ಸಿಟ್ಟು ಬರುತ್ತದೆಯೇ, ನಿಮ್ಮ ಆರೋಗ್ಯ ಕೆಡುತ್ತಿದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಪಟ್ಟಿ ಇಲ್ಲದಿದ್ದರೂ ಗುರುತಿಸಬಹುದಾದ ಲಕ್ಷಣಗಳಿವೆ: ಅವಕಾಶವಿದ್ದರೂ ನಿದ್ದೆ ಬಾರದಿರುವುದು, ತನ್ನ ಬಿಪಿ ಮಾತ್ರೆ ಮುಗಿದು ವಾರವಾದರೂ ತರದಿರುವುದು, ಸ್ನೇಹಿತರ ಫೋನ್ ಎತ್ತದಿರುವುದು, ಸಣ್ಣ ಮಾತಿಗೆ ಮಕ್ಕಳ ಮೇಲೆ ಕೈ ಎತ್ತುವುದು, ಇದೆಲ್ಲ ಮುಗಿದುಹೋದರೆ ಸಾಕು ಎಂದು ಅನ್ನಿಸಿ ಆಮೇಲೆ ಆ ಯೋಚನೆಗೇ ನಾಚುವುದು. ಕೊನೆಯದು ಬಹಳ ಮಂದಿಗೆ ಬರುತ್ತದೆ. ಬಂದವರು ಕೆಟ್ಟವರಲ್ಲ, ಮಿತಿ ಮೀರಿ ದಣಿದವರು. ಆ ಯೋಚನೆ ಮತ್ತೆ ಮತ್ತೆ ಬಂದರೆ, ಅಥವಾ ತನಗೇ ಬದುಕು ಬೇಡ ಎನ್ನುವತ್ತ ತಿರುಗಿದರೆ, ತಡಮಾಡದೆ ವೈದ್ಯರ ಬಳಿ ಹೇಳಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಅದಕ್ಕೆ ಕರೆ ಮಾಡಲು ಸ್ವತಃ ರೋಗಿಯಾಗಿರಬೇಕಿಲ್ಲ.

ಕಾನೂನಿನಲ್ಲಿ ಏನಿದೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಂದಿನ ಏಳು ಬಗೆಯ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹಿಡಿದು ಅದರಲ್ಲಿದೆ. ವೈಕಲ್ಯವನ್ನು ವೈದ್ಯಕೀಯ ಮಂಡಳಿ ಪ್ರಮಾಣೀಕರಿಸಿದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಸಿಗುತ್ತದೆ; ವೈಕಲ್ಯ ಶೇಕಡ 40 ಅಥವಾ ಹೆಚ್ಚಿದ್ದರೆ ಅದರೊಂದಿಗೆ ಸವಲತ್ತುಗಳೂ ದೊರೆಯುತ್ತವೆ. ತೊಡಕು ಏನೆಂದರೆ ಏರಿಳಿಯುವ ಕಾಯಿಲೆಯನ್ನು ಒಂದೇ ದಿನ ನೋಡಿ ಅಳೆಯುವುದು; ಒಳ್ಳೆಯ ದಿನ ಹೋದವರಿಗೆ ಕಡಿಮೆ ಅಂಕ ಬರಬಹುದು. ಹಳೆಯ ಡಿಸ್ಚಾರ್ಜ್ ಸಾರಾಂಶಗಳು, ಎಂಆರ್‌ಐ ವರದಿಗಳು ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗುವುದು ಇದಕ್ಕಾಗಿಯೇ. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿಗೆ ನೆರವಾಗುತ್ತಾರೆ.

ಅದೇ ಕಾಯ್ದೆಯ 24ನೇ ಕಲಮು, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರ ಭತ್ಯೆ ಕೊಡುವ ಮಾತಾಡುತ್ತದೆ. ಕರ್ನಾಟಕದ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ಘೋಷಿಸಲಾಯಿತು. ಒಬ್ಬರು ಕೆಲಸ ಬಿಟ್ಟು, ಇನ್ನೊಬ್ಬರು ಓವರ್‌ಟೈಮ್ ಬಿಟ್ಟ ಮನೆಯಲ್ಲಿ ಸಾವಿರ ರೂಪಾಯಿ ಏನೂ ಅಲ್ಲ ಎನ್ನಬಹುದು, ನಿಜವೇ. ಆದರೂ ಆರೈಕೆದಾರ ಎಂಬೊಬ್ಬ ವ್ಯಕ್ತಿ ಇದ್ದಾನೆ ಎಂದು ಸರ್ಕಾರದ ಕಾಗದದಲ್ಲಿ ಬರೆದಿರುವುದು ಸಣ್ಣ ಸಂಗತಿಯಲ್ಲ.

ಔಷಧದ ವೆಚ್ಚದ ವಿಷಯದಲ್ಲಿ ಒಂದು ಒಳ್ಳೆಯ ಬೆಳವಣಿಗೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮೊದಲ ಬಾರಿಗೆ ಎಂಎಸ್ ಔಷಧಗಳನ್ನು ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ರಿಟುಕ್ಸಿಮ್ಯಾಬ್ ಭಾರತದಲ್ಲೇ ತಯಾರಾಗುತ್ತದೆ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ, ಇತರ ಹಲವು ಹೊಸ ಔಷಧಗಳಿಗಿಂತ ಅಗ್ಗ. ಯಾರಿಗೆ ಯಾವುದು ಎಂಬುದನ್ನು ನರರೋಗ ತಜ್ಞರೇ ನಿರ್ಧರಿಸಬೇಕು. ಬೆಲೆಯ ಬಗ್ಗೆ ಸಂಕೋಚವಿಲ್ಲದೆ ಕೇಳುವುದು ಮನೆಯವರ ಕೆಲಸ.

ಭಾರ ಇಳಿಸುವ ಬಗೆ

ಮೊದಲು ಆಗಬೇಕಾದ್ದು ಕೆಲಸಗಳನ್ನು ಎರಡಾಗಿ ವಿಂಗಡಿಸುವುದು: ಸಂಗಾತಿಯೇ ಮಾಡಬೇಕಾದವು, ಬೇರೆ ಯಾರಾದರೂ ಮಾಡಬಹುದಾದವು. ಸ್ನಾನ, ನಳಿಕೆ, ಮಗ್ಗುಲು ಬದಲಿಸುವುದನ್ನು ತರಬೇತಾದ ಹೋಮ್ ನರ್ಸ್ ಅಥವಾ ಆಯಾ ಮಾಡಿದರೆ, ಸಂಗಾತಿ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಾ ಧಾರಾವಾಹಿ ನೋಡಬಹುದು. ಪ್ರೀತಿ ಇದ್ದರೆ ಎಲ್ಲವನ್ನೂ ತಾನೇ ಮಾಡಬೇಕೆಂಬ ಹಟ ಎಷ್ಟೋ ದಾಂಪತ್ಯಗಳನ್ನು ಆಸ್ಪತ್ರೆಯ ವಾರ್ಡ್ ಮಾಡಿದೆ. ಎಲ್ಲರಿಗೂ ಹೋಮ್ ನರ್ಸ್ ಇಡಲಾಗದು. ಆಗದ ಕಡೆ ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವ ನೆಂಟರಿಗೆ ಖಚಿತವಾದ ಕೆಲಸವನ್ನೇ ಹೇಳುವುದು ಒಳ್ಳೆಯದು: ಬುಧವಾರ ಮಧ್ಯಾಹ್ನದ ಊಟ ನೀವು ತನ್ನಿ, ಶನಿವಾರ ಮಗನನ್ನು ಟ್ಯೂಷನ್‌ಗೆ ನೀವು ಬಿಡಿ.

ಎತ್ತುವ, ಕೂರಿಸುವ ವಿಧಾನವನ್ನು ಫಿಸಿಯೋಥೆರಪಿಸ್ಟ್ ಬಳಿ ಒಂದೆರಡು ದಿನ ಕಲಿತರೆ ಸೊಂಟ ಉಳಿಯುತ್ತದೆ. ಬಚ್ಚಲಿನಲ್ಲಿ ಹಿಡಿಕೆ, ಜಾರದ ನೆಲಹಾಸು, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ, ಇವು ಹೆಚ್ಚಿನ ಖರ್ಚಿಲ್ಲದೆ ಕಾವಲಿನ ಹೊತ್ತನ್ನು ಕಡಿಮೆ ಮಾಡುತ್ತವೆ. ಮೂತ್ರದ ತೊಂದರೆಗೆ, ಕಾಲು ಬಿಗಿತಕ್ಕೆ, ಖಿನ್ನತೆಗೆ ಚಿಕಿತ್ಸೆ ಇದೆ. ರೋಗಿಯ ಒಂದು ಲಕ್ಷಣ ಹತೋಟಿಗೆ ಬಂದರೆ ಸಂಗಾತಿಗೆ ರಾತ್ರಿಯ ನಿದ್ದೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗ, ಮನೋವೈದ್ಯಕೀಯ ಮತ್ತು ಪುನಶ್ಚೇತನ ಒಂದೇ ಆವರಣದಲ್ಲಿವೆ. 1985ರಿಂದ ಕೆಲಸ ಮಾಡುತ್ತಿರುವ ಭಾರತೀಯ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಗೆ ಬೆಂಗಳೂರಿನಲ್ಲಿ ಶಾಖೆ ಇದೆ. ಬೀದಿಯಲ್ಲಿ ಸಿಗದ ‘ಇದೇ ಕಾಯಿಲೆಯ ಇನ್ನೊಂದು ಮನೆ’ ಅಂಥ ಕಡೆ ಸಿಗುತ್ತದೆ.

ವೈದ್ಯರ ಭೇಟಿಯಲ್ಲಿ ತನ್ನ ವಿಷಯವನ್ನೂ ಒಂದು ವಾಕ್ಯದಲ್ಲಿ ಹೇಳಬೇಕು: ‘ನನಗೆ ರಾತ್ರಿ ನಿದ್ದೆ ಇಲ್ಲ.’ ವೈದ್ಯರು ಕೇಳದಿದ್ದರೂ ಹೇಳಬೇಕು. ಅದು ದೂರಲ್ಲ, ಚಿಕಿತ್ಸೆಯ ಮಾಹಿತಿ. ಸಾಧ್ಯವಾದರೆ ಕಾಯಿಲೆ ಇರುವವರ ಎದುರಿಗೇ ಹೇಳುವುದು ಲೇಸು, ಏಕೆಂದರೆ ಅವರಿಗೂ ಅದು ಗೊತ್ತೇ ಇರುತ್ತದೆ.

ಕೊನೆಯದು ಬಿಡುವು. ವಾರಕ್ಕೆ ಎರಡು ಗಂಟೆ, ಆದರೆ ತಪ್ಪದೆ ಸಿಗುವ ಎರಡು ಗಂಟೆ, ವರ್ಷಕ್ಕೊಮ್ಮೆ ಸಿಗುವ ಪ್ರವಾಸಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದಾವಣಗೆರೆಯ ಆ ಮನೆಗೆ ಭಾನುವಾರ ಸಂಜೆ ಐದಕ್ಕೆ ಆಕೆಯ ತಂಗಿ ಬರುತ್ತಾರೆ. ಗಂಡ ಶಟಲ್ ಬ್ಯಾಟ್ ಹಿಡಿದು ಹೊರಡುತ್ತಾರೆ. ಮೊದಲ ಕೆಲವು ವಾರ ಆಟದ ಅಂಗಳದಿಂದಲೇ ನಾಲ್ಕು ಸಲ ಫೋನ್ ಮಾಡುತ್ತಿದ್ದರಂತೆ. ಈಗ ಗೇಟಿನವರೆಗೆ ಹೋದವರಿಗೆ ಒಳಗಿನಿಂದ ಆಕೆಯ ದನಿ ಕೇಳುತ್ತದೆ: ‘ಏನ್ರೀ, ಫೋನ್ ಇಲ್ಲೇ ಬಿಟ್ಟು ಹೋಗ್ರಿ.’ ಅವರು ಫೋನನ್ನು ಟಿವಿ ಸ್ಟ್ಯಾಂಡಿನ ಮೇಲಿಟ್ಟು ಹೋಗುತ್ತಾರೆ. ಬರುವಾಗ ಏಳೂವರೆ.